ಅರ್ಜಿ ಹಾಕದವರಿಗೆ ಬರುವ ಕೆಲಸ: ಟೆಕ್ ಕಂಪನಿಗಳು ದೊಡ್ಡ ಹುದ್ದೆಗೆ ಜನರನ್ನು ಹುಡುಕುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗ ಒಬ್ಬರಾದರೂ ಎಂಜಿನಿಯರ್ ಇದ್ದಾರೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ತೊಂಬತ್ತರ ದಶಕದಲ್ಲಿ ಅಲ್ಲೋ, ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜಿನಲ್ಲೋ ಓದಿ ಬೆಂಗಳೂರಿನ ಬಸ್ ಹತ್ತಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಕೆಲವರು ನೂರಾರು ಜನರ ತಂಡ ನಡೆಸುತ್ತಾರೆ. ಇಂಥವರು ಕೆಲಸ ಬದಲಿಸಿದಾಗ ಊರಲ್ಲಿರುವ ಅಪ್ಪ ಅಮ್ಮನಿಗೆ ತಲೆಬುಡ ಅರ್ಥವಾಗುವುದಿಲ್ಲ. ಪೇಪರ್‌ನಲ್ಲಿ ಜಾಹೀರಾತು ಇರಲಿಲ್ಲ. ಮಗ ಅರ್ಜಿ ಹಾಕಿರಲಿಲ್ಲ. ಯಾರೋ ಫೋನ್ ಮಾಡಿದರಂತೆ, ನಾಲ್ಕೈದು ತಿಂಗಳು ಮಾತುಕತೆ ನಡೆಯಿತಂತೆ. ಹಾಗಾದರೆ ಇದು ವಶೀಲಿನಾ?

ವಶೀಲಿ ಅಲ್ಲ. ಇದೇ ಒಂದು ಕಸುಬು. ನಾನು ಈ ಕಸುಬಿನಲ್ಲೇ ಇದ್ದೇನೆ. ಎಂಜಿನಿಯರಿಂಗ್ ಮುಖ್ಯಸ್ಥರು, ಸಂಶೋಧನಾ ಮುಖ್ಯಸ್ಥರು, ಸಿಟಿಒ (ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರು) ಇಂಥ ಹುದ್ದೆಗಳಿಗೆ ಜನರನ್ನು ಹುಡುಕಿ ಕೊಡುವ ಕೆಲಸ. ಹೊರಗಿನಿಂದ ನೋಡುವವರಿಗೆ ಇದು ಪರಿಚಯಸ್ಥರ ಪಟ್ಟಿ ಇಟ್ಟುಕೊಂಡು ಫೋನ್ ಮಾಡುವ ಕೆಲಸ ಅನ್ನಿಸುತ್ತದೆ. ನಿಜವಾಗಿ ಕಷ್ಟ ಇರುವುದು ಅದಕ್ಕಿಂತ ಹಿಂದೆ. ಬರುವ ವ್ಯಕ್ತಿಗೆ ಯಾವ ಯಾವ ನಿರ್ಧಾರಗಳನ್ನು ಬಿಟ್ಟುಕೊಡುತ್ತೇವೆ ಅಂತ ಕಂಪನಿ ಮೊದಲು ತಾನೇ ತೀರ್ಮಾನ ಮಾಡಿಕೊಳ್ಳಬೇಕು. ಅದು ಆಗದೆ ಶುರು ಮಾಡಿದ ಹುಡುಕಾಟದಲ್ಲಿ ಎಂಥ ಒಳ್ಳೆಯವರು ಸಿಕ್ಕರೂ ಬಹಳ ದಿನ ನಿಲ್ಲುವುದಿಲ್ಲ.

ದುಡ್ಡು ಯಾರು ಕೊಡುತ್ತಾರೆ?

ಮೊದಲು ಇದನ್ನು ಹೇಳಿಬಿಡುತ್ತೇನೆ. ದುಡ್ಡು ಕೊಡುವುದು ಕಂಪನಿ. ಅಭ್ಯರ್ಥಿ ಒಂದು ರೂಪಾಯಿಯನ್ನೂ ಕೊಡುವ ಹಾಗಿಲ್ಲ. ದೊಡ್ಡ ಕೆಲಸ ಕೊಡಿಸುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಕಂಪನಿ ದುಡ್ಡು ಕೊಡುವುದರಲ್ಲಿ ಎರಡು ಪದ್ಧತಿ ಇದೆ. ಒಂದು, ವ್ಯಕ್ತಿ ಸೇರಿದ ಮೇಲೆ ಮಾತ್ರ ಶುಲ್ಕ. ನಮ್ಮ ದೇಶದಲ್ಲಿ ಇದು ವರ್ಷದ ಸಂಬಳದ ಶೇ. 8.33ರಿಂದ, ಅಂದರೆ ಒಂದು ತಿಂಗಳ ಸಂಬಳದಿಂದ ಶುರುವಾಗುತ್ತದೆ. ಇನ್ನೊಂದು, ಹುಡುಕಾಟಕ್ಕೇ ಶುಲ್ಕ. ಇದು ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ. ಮೂರು ಕಂತಿನಲ್ಲಿ ಬರುತ್ತದೆ. 90 ಲಕ್ಷದ ಹುದ್ದೆ ಅಂದರೆ ಸುಮಾರು 30 ಲಕ್ಷ. ಅದರಲ್ಲಿ ಮೊದಲ ಕಂತನ್ನು ಹುಡುಕಾಟ ಶುರುವಾಗುವ ಹೊತ್ತಿಗೇ ಕೊಡಬೇಕು. 1953ರಲ್ಲಿ ಚಿಕಾಗೋದಲ್ಲಿ ಶುರುವಾದ ಹೈಡ್ರಿಕ್ ಅಂಡ್ ಸ್ಟ್ರಗಲ್ಸ್, 1964ರಲ್ಲಿ ಜ್ಯೂರಿಚ್‌ನಲ್ಲಿ ಶುರುವಾದ ಎಗಾನ್ ಜೆಂಡರ್, 1969ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಕಾರ್ನ್ ಫೆರಿ ಇಂಥ ಸಂಸ್ಥೆಗಳು ಹೆಸರು ಮಾಡಿದ್ದು ಈ ಎರಡನೇ ಬಗೆಯಲ್ಲಿ.

ಇನ್ನೂ ಯಾರೂ ಸೇರಿಲ್ಲ, ಆಗಲೇ ಯಾಕೆ ದುಡ್ಡು ಕೊಡಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಸೇರಿದ ಮೇಲೆ ಮಾತ್ರ ದುಡ್ಡು ಅಂತಾದರೆ ಏಜೆನ್ಸಿಗೆ ಅವಸರ ಹತ್ತುತ್ತದೆ. ಇಪ್ಪತ್ತು ರೆಸ್ಯೂಮೆ ಕಳಿಸಿ, ಯಾರಾದರೂ ಒಬ್ಬರು ಆಗಲಿ ಅಂತ ಕಾಯುತ್ತದೆ. ಹತ್ತು ಜನ ಪ್ರೋಗ್ರಾಮರ್ ಬೇಕಿದ್ದಾಗ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ವಿಭಾಗವನ್ನು ಒಬ್ಬರ ಕೈಗೆ ಕೊಡುವಾಗ "ಈ ವ್ಯಕ್ತಿ ಬೇಡ, ಇನ್ನೊಂದು ತಿಂಗಳು ತಡೆಯಿರಿ" ಅಂತ ಹೇಳುವವರು ಬೇಕು. ಬೇಡ ಅಂದರೂ ಸಂಸಾರ ನಡೆಯುವವರು ಮಾತ್ರ ಆ ಮಾತನ್ನು ಧೈರ್ಯವಾಗಿ ಹೇಳಬಲ್ಲರು.

ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿ ಇದೆ ಅಂದುಕೊಳ್ಳಿ. ಕಾಫಿ ಬೀಜವನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಮಾಡುತ್ತದೆ. ಬೀಜ ಮೇಲಿನಿಂದ ಸುರಿಯುವಾಗ ಕ್ಯಾಮೆರಾ ನೋಡುತ್ತದೆ. ಕೆಟ್ಟ ಬೀಜ ಕಂಡರೆ ಗಾಳಿಯ ಸಣ್ಣ ಹೊಡೆತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಈ ಯಂತ್ರ ಗೊತ್ತಿರುತ್ತದೆ. ಕಪ್ಪು ಬೀಜ ಹಿಡಿಯುವುದು ಸುಲಭ. ಕಾಯಿಕೊರಕ ಹುಳ ಮಾಡಿದ ಸೂಜಿಮೊನೆಯಷ್ಟು ತೂತನ್ನು ಹಿಡಿಯುವುದು ಕಷ್ಟ. ಕಂಪನಿಯ ಯಜಮಾನರು ಒಬ್ಬ "ಎಂಜಿನಿಯರಿಂಗ್ ಹೆಡ್" ಬೇಕು ಅನ್ನುತ್ತಾರೆ.

ಅವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಹದಿನೈದು ವರ್ಷ ಅನುಭವ, ಎಐ, ಮೆಷಿನ್ ಲರ್ನಿಂಗ್, ಕ್ಲೌಡ್, ಪಿಎಚ್‌ಡಿ ಇದ್ದರೆ ಒಳ್ಳೆಯದು, ದೊಡ್ಡ ತಂಡ ನಡೆಸಿರಬೇಕು. ಬೆಂಗಳೂರಿನ ಯಾವುದೋ ಕಂಪನಿಯ ಜೆಡಿಯನ್ನು (ಹುದ್ದೆಯ ವಿವರಣೆಯನ್ನು) ಹಾಗೇ ಇಳಿಸಿಕೊಂಡದ್ದು. ಮಾತು ಹೀಗೆ ನಡೆಯುತ್ತದೆ:

"ಸರ್, ಇವರು ಬಂದು ಒಂದು ವರ್ಷ ಆದಮೇಲೆ ನಿಮ್ಮಲ್ಲಿ ಏನು ಬದಲಾಗಿರಬೇಕು?"

"ಯಂತ್ರ ಇನ್ನೂ ಚೆನ್ನಾಗಿ ಓಡಬೇಕು."

"ಈಗ ಎಲ್ಲಿ ನಿಲ್ಲುತ್ತಿದೆ?"

"ಸೀಸನ್ ಶುರುವಾದ ಕೂಡಲೇ. ಜನವರಿಯಿಂದ ದಿನಾ ಫೋನು. ಬಾಳೆಹೊನ್ನೂರಿಂದ ಒಬ್ಬರು, ಸಕಲೇಶಪುರದಿಂದ ಒಬ್ಬರು. ನಮ್ಮ ಹುಡುಗರೆಲ್ಲ ರಿಪೇರಿಗೆ ಓಡ್ತಾರೆ. ಹೊಸ ಮಾಡೆಲ್ ಕೆಲಸ ಅಲ್ಲೇ ನಿಲ್ಲುತ್ತೆ."

"ಯಂತ್ರ ಪೂರ್ತಿ ತಯಾರಾಗದೆ ಮಾರಬಾರದು ಅಂತ ಹೊಸಬರು ಹೇಳಿದರೆ, ನೀವು ಒಪ್ಪುತ್ತೀರಾ?"

ಇಲ್ಲಿ ಯಜಮಾನರು ಸುಮ್ಮನಾಗುತ್ತಾರೆ. ಇಷ್ಟು ವರ್ಷ ಆ ತೀರ್ಮಾನ ಅವರದೇ ಆಗಿತ್ತು. ಇಡೀ ಹುಡುಕಾಟ ನಿಂತಿರುವುದು ಅವರು ಕೊಡುವ ಉತ್ತರದ ಮೇಲೆ. ಒಪ್ಪುತ್ತೇನೆ ಅಂದರೆ ಅವರಿಗೆ ಬೇಕಾದದ್ದು ಎಂಜಿನಿಯರಿಂಗ್ ಮುಖ್ಯಸ್ಥರು. ಒಪ್ಪುವುದಿಲ್ಲ ಅಂದರೆ ಬೇಕಾದದ್ದು ಒಬ್ಬ ಒಳ್ಳೆಯ ಸರ್ವೀಸ್ ಮ್ಯಾನೇಜರ್. ಅದಕ್ಕೆ ಅರ್ಧ ಸಂಬಳ ಸಾಕು, ಹುಡುಕುವುದೂ ಸುಲಭ. ಎರಡರಲ್ಲಿ ಯಾವುದೂ ಕೀಳಲ್ಲ. ಒಂದನ್ನು ಬೇಕು ಅಂತ ಹೇಳಿ ಇನ್ನೊಂದನ್ನು ಕೊಡುವುದು ಮಾತ್ರ ತಪ್ಪು.

ಹುದ್ದೆಗಳ ಹೆಸರಿನಲ್ಲೂ ಇದೇ ಗೊಂದಲ ಇದೆ. ವಿಪಿ (ವೈಸ್ ಪ್ರೆಸಿಡೆಂಟ್) ಎಂಜಿನಿಯರಿಂಗ್ ಅನ್ನುವವರು ಮುಖ್ಯವಾಗಿ ಜನ ಮತ್ತು ಗಡುವು ನೋಡಿಕೊಳ್ಳುತ್ತಾರೆ. ಯಾರು ಏನು ಕಟ್ಟುತ್ತಾರೆ, ಯಾವಾಗ ಮುಗಿಯುತ್ತದೆ, ತಂಡ ಹೇಗೆ ಬೆಳೆಯುತ್ತದೆ ಅನ್ನುವುದು ಅವರ ಚಿಂತೆ. ಸಿಟಿಒ ತಂತ್ರಜ್ಞಾನ ಯಾವ ದಿಕ್ಕಿಗೆ ಹೋಗಬೇಕು ಅನ್ನುವುದನ್ನು ನೋಡುತ್ತಾರೆ. ಕೆಲವು ಕಂಪನಿಗಳಲ್ಲಿ ಸಿಟಿಒ ಕೈಕೆಳಗೆ ಐದು ಜನವೂ ಇರುವುದಿಲ್ಲ. ಪ್ರಿನ್ಸಿಪಲ್ ಎಂಜಿನಿಯರ್ ಅನ್ನುವವರಿಗೆ ತಂಡವೇ ಇಲ್ಲದಿರಬಹುದು, ಆದರೆ ಕಷ್ಟದ ತಾಂತ್ರಿಕ ತೀರ್ಮಾನದಲ್ಲಿ ಅವರದೇ ಕೊನೆಯ ಮಾತು. ಊರಲ್ಲಿ "ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ?" ಅಂತ ಕೇಳುವುದು ರೂಢಿ. ಈ ಕ್ಷೇತ್ರದಲ್ಲಿ ಆ ಅಳತೆ ಅರ್ಧ ಮಾತ್ರ ಸರಿ.

ಕೆಲಸ ಹುಡುಕದವರನ್ನು ಹುಡುಕುವುದು

ಪ್ರಶ್ನೆ ಸ್ಪಷ್ಟವಾದ ಮೇಲೆ ನಕ್ಷೆ ಬರೆಯುತ್ತೇವೆ. ಈ ಸಮಸ್ಯೆಯನ್ನು ಈಗಾಗಲೇ ಎಲ್ಲಿ ಬಗೆಹರಿಸಿದ್ದಾರೆ? ನಮ್ಮ ಉದಾಹರಣೆಯಲ್ಲಿ ಕಾಫಿಯೇ ಆಗಬೇಕೆಂದಿಲ್ಲ. ಔಷಧ ಮಾತ್ರೆಗಳನ್ನು ಕ್ಯಾಮೆರಾದಲ್ಲಿ ಪರೀಕ್ಷಿಸುವ ಯಂತ್ರ, ಗೋಡಂಬಿ ಬೇರ್ಪಡಿಸುವ ಯಂತ್ರ, ಕಾರಿನ ಬಿಡಿಭಾಗದ ಬಿರುಕು ಹಿಡಿಯುವ ಯಂತ್ರ, ಎಲ್ಲ ಕಡೆಯೂ ಇರುವುದು ಇದೇ ಕಷ್ಟ. ವೇಗವಾಗಿ ಹೋಗುವ ವಸ್ತುವಿನ ಮೇಲಿನ ಸಣ್ಣ ದೋಷ ಕಾಣಬೇಕು, ದೂಳಿನಲ್ಲೂ ಕಾಣಬೇಕು. ಅಲ್ಲೆಲ್ಲ ಯಾರು ಈ ಕೆಲಸ ನಡೆಸಿದ್ದಾರೆ ಅಂತ ಹೆಸರು ಕೂಡಿಸುತ್ತೇವೆ. ಮೊದಲ ಪಟ್ಟಿಯಲ್ಲಿ ನೂರು ಹೆಸರಿದ್ದರೆ ಮಾತಿಗೆ ಸಿಗುವವರು ಅದರ ಒಂದು ಪಾಲು. ಕಂಪನಿಯ ಮುಂದೆ ಕೂರುವವರು ನಾಲ್ಕೈದು ಜನ.

ಇದಕ್ಕೆ ಬೇಲಿಗಳೂ ಇವೆ. ಒಂದು ಕಂಪನಿ ನಮ್ಮ ಗ್ರಾಹಕ ಆಗಿದ್ದರೆ ಒಪ್ಪಂದದ ಅವಧಿಯಲ್ಲಿ ಅಲ್ಲಿಂದ ಜನರನ್ನು ಎಬ್ಬಿಸುವ ಹಾಗಿಲ್ಲ. ಅದು ನ್ಯಾಯವೇ. ಆದರೆ ಕಂಪನಿ ಕಂಪನಿಗಳೇ ಒಳಗೊಳಗೆ ಸೇರಿ "ನಿಮ್ಮವರನ್ನು ನಾವು ಕರೆಯಲ್ಲ, ನಮ್ಮವರನ್ನು ನೀವು ಕರೆಯಬೇಡಿ" ಅಂದುಕೊಂಡರೆ ಅದು ಅನ್ಯಾಯ. ಅಮೆರಿಕದಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಹೀಗೆ ಮಾಡಿಕೊಂಡಿದ್ದವು ಅಂತ ನೌಕರರು ಕೋರ್ಟಿಗೆ ಹೋದರು. 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ಆ ಕಂಪನಿಗಳು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಒಂದು ಫೋನ್ ಕರೆ ಬಾರದೇ ಹೋದರೆ ನೌಕರನಿಗೆ ಎಷ್ಟು ನಷ್ಟ ಅನ್ನುವುದು ಆ ಪ್ರಕರಣದಲ್ಲಿ ಗೊತ್ತಾಗುತ್ತದೆ. ತನ್ನ ಬೆಲೆ ಹೊರಗೆ ಎಷ್ಟಿದೆ ಅಂತ ಅವನಿಗೆ ತಿಳಿಯುವುದು ಆ ಕರೆಯಿಂದಲೇ.

ಆ ಕರೆ ಹೇಗಿರುತ್ತದೆ? ಬೆಂಗಳೂರಿನಲ್ಲಿರುವ, ಮೂಡಿಗೆರೆ ಕಡೆಯ ಒಬ್ಬ ಮಹಿಳೆಗೆ ಫೋನ್ ಮಾಡಿದ್ದೇವೆ ಅಂದುಕೊಳ್ಳಿ.

"ಮೇಡಂ, ಐದು ನಿಮಿಷ ಮಾತಾಡಬಹುದಾ?"

"ನಾನು ಕೆಲಸ ಹುಡುಕ್ತಾ ಇಲ್ಲ."

"ಗೊತ್ತು ಮೇಡಂ. ವೇಗವಾಗಿ ಓಡುವ ಲೈನಿನಲ್ಲಿ ದೋಷ ಹಿಡಿಯುವ ಕೆಲಸ ನೀವು ಮಾಡಿದ್ದೀರಿ. ಅದೇ ಸಮಸ್ಯೆ ಇನ್ನೊಂದು ಕಡೆ ಇದೆ. ಅಲ್ಲಿ ಮೂರು ವರ್ಷದಿಂದ ಬಗೆಹರಿದಿಲ್ಲ. ಅದನ್ನು ಹೇಳೋಣ ಅಂತ."

"ಏನು ಸಮಸ್ಯೆ?"

ಅವರು ಈ ಪ್ರಶ್ನೆ ಕೇಳಿದರೆ ಮಾತು ಮುಂದುವರಿಯುತ್ತದೆ. ಸಂಬಳದಿಂದ ಶುರು ಮಾಡಿದರೆ ಇಂಥವರು ಮಾತಾಡುವುದೇ ಇಲ್ಲ. ಚೆನ್ನಾಗಿ ಕೆಲಸ ಮಾಡುವ ಹಿರಿಯ ಎಂಜಿನಿಯರ್‌ಗೆ ತನ್ನ ತಲೆಗೆ ತಕ್ಕ ಸಮಸ್ಯೆ ಬೇಕು. ದುಡ್ಡು ಬೇಡ ಅಂತಲ್ಲ, ಅದರ ಮಾತು ಆಮೇಲೆ. ಇವರಿಗೆ ಆಗದಿದ್ದರೂ "ಇದಕ್ಕೆ ಇಂಥವರು ಸರಿ" ಅಂತ ಇನ್ನೊಂದು ಹೆಸರು ಕೊಡುತ್ತಾರೆ. ಒಳ್ಳೆಯ ಹೆಸರುಗಳು ಹೆಚ್ಚಾಗಿ ಸಿಗುವುದು ಹಾಗೆಯೇ.

ಸಂಶೋಧನೆಯ ಮುಖ್ಯಸ್ಥರ ವಿಷಯ ಬೇರೆ

ಎಂಜಿನಿಯರಿಂಗ್‌ನಲ್ಲಿ ಏನು ಕಟ್ಟಬೇಕು ಅನ್ನುವುದು ಹೆಚ್ಚುಕಡಿಮೆ ಗೊತ್ತಿರುತ್ತದೆ. ಸಂಶೋಧನೆಯಲ್ಲಿ ಉತ್ತರ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಿರುವುದಿಲ್ಲ. ಹಾಗಾಗಿ ಯಾವ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಕೂರಬೇಕು, ಯಾವುದನ್ನು ಈಗಲೇ ಕೈಬಿಡಬೇಕು ಅಂತ ಆರಿಸುವವರು ಬೇಕು.

ಇದಕ್ಕೆ ನಮ್ಮ ಮಲೆನಾಡಿನಲ್ಲೇ ಒಂದು ಉದಾಹರಣೆ ಇದೆ. 1908ರಲ್ಲಿ ಮೈಸೂರು ಸಂಸ್ಥಾನ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕರೆಸಿಕೊಂಡಿತು. ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿದವರು. ವಯಸ್ಸು ಮೂವತ್ತರ ಆಸುಪಾಸು. ಕೀಟ ಮತ್ತು ಶಿಲೀಂಧ್ರದಿಂದ ಬೆಳೆಗೆ ಬರುವ ರೋಗ ನೋಡುವುದು ಅವರ ಕೆಲಸ. ಆಗ ಅಡಿಕೆ ತೋಟಗಳನ್ನು ಕೊಳೆರೋಗ ತಿನ್ನುತ್ತಿತ್ತು. ಮಳೆಗಾಲದಲ್ಲಿ ನೀರು ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು ಬೆಳೆಗಾರರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ ರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ, 1910ರಲ್ಲಿ ಅದರ ಬಗ್ಗೆ ಬರೆದರು. ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣದ ಸಿಂಪಡಣೆ ತೋಟಗಳಿಗೆ ಬಂತು. ಇವತ್ತಿಗೂ ಮಳೆ ಹಿಡಿಯುವ ಮುಂಚೆ ಕೊಪ್ಪ, ಶೃಂಗೇರಿ ಕಡೆ ಅದನ್ನೇ ಹೊಡೆಯುತ್ತಾರೆ. 1913ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾದರು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಬೆಳೆಗಾರರೆಲ್ಲ ಬಲ್ಲ ಎಸ್-795 ಅರೇಬಿಕಾ ತಳಿ ಅಲ್ಲಿಂದ ಹೊರಬಂದದ್ದು 1940ರ ದಶಕದಲ್ಲಿ.

ಇಸವಿಗಳನ್ನು ನೋಡಿ. ಕೇಂದ್ರ ಶುರುವಾಗಿ ತಳಿ ಬರುವ ಹೊತ್ತಿಗೆ ಇಪ್ಪತ್ತು ವರ್ಷದ ಹತ್ತಿರ. ಮೂರು ತಿಂಗಳಿಗೊಮ್ಮೆ "ಫಲಿತಾಂಶ ಏನು?" ಅಂತ ಕೇಳಿದ್ದರೆ ಆ ಕೇಂದ್ರವನ್ನು ನಡುವೆ ಎಲ್ಲೋ ಮುಚ್ಚಬೇಕಾಗುತ್ತಿತ್ತು. ಹಾಗಂತ ಪ್ರಶ್ನೆಯೇ ಕೇಳಬಾರದು ಅಂತಲ್ಲ. ಕೊಳೆರೋಗದ ಕೆಲಸದ ಫಲ ಕೆಲವೇ ವರ್ಷದಲ್ಲಿ ಕಣ್ಣಿಗೆ ಕಂಡಿತು. ಒಳ್ಳೆಯ ಸಂಶೋಧನಾ ಮುಖ್ಯಸ್ಥರು ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ಬೇಗ ಸಿಗುವ ಉತ್ತರದಿಂದ ನಂಬಿಕೆ ಗಳಿಸಿ, ಆ ನಂಬಿಕೆಯಲ್ಲಿ ತಡವಾಗಿ ಸಿಗುವ ಉತ್ತರಕ್ಕೆ ಸಮಯ ಪಡೆಯುತ್ತಾರೆ. ಸಂದರ್ಶನದಲ್ಲಿ ನಾನು ಮುಖ್ಯವಾಗಿ ನೋಡುವುದು ಇದನ್ನೇ.

ಈ ಕಾಲದ ಉದಾಹರಣೆ ಬೇಕಿದ್ದರೆ ಎಐ ಸಂಶೋಧಕ ಯಾನ್ ಲೆಕುನ್. 2013ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಎಐ ಸಂಶೋಧನಾ ವಿಭಾಗ ಕಟ್ಟಲು ಅವರನ್ನು ಕರೆಯಿತು. ಕಂಪನಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅವರು ನ್ಯೂಯಾರ್ಕ್ ಬಿಟ್ಟು ಬರಲಿಲ್ಲ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಯನ್ನೂ ಬಿಡಲಿಲ್ಲ. ಆ ವಿಭಾಗ ತನ್ನ ಸಂಶೋಧನೆಯನ್ನು ಬಹಿರಂಗವಾಗಿ ಪ್ರಕಟಿಸುತ್ತಾ ಬಂತು. ಹಿರಿಯ ಸಂಶೋಧಕರು ಮಾತುಕತೆಗೆ ಕೂತಾಗ ಕೇಳುವುದು ಹೆಚ್ಚಾಗಿ ಇವನ್ನೇ. ನಾನು ಬರೆದದ್ದನ್ನು ಪ್ರಕಟಿಸಬಹುದಾ? ನನ್ನ ತಂಡಕ್ಕೆ ನಾನೇ ಜನ ಆರಿಸಬಹುದಾ? ದೊಡ್ಡ ಲೆಕ್ಕ ಮಾಡುವ ಕಂಪ್ಯೂಟರ್‌ಗಳು ಎಷ್ಟು ಸಿಗುತ್ತವೆ? ಬಜೆಟ್ ಕಡಿತ ಬಂದರೆ ಮೊದಲು ಕತ್ತರಿ ಬೀಳುವುದು ನಮ್ಮ ಮೇಲಾ? ಇದಕ್ಕೆ ಉತ್ತರ ಇಲ್ಲದ ಕಂಪನಿ ಎಷ್ಟು ಕೋಟಿ ಮುಂದಿಟ್ಟರೂ ಕೆಲಸ ಕುದುರುವುದು ಕಷ್ಟ.

ಕೆಲವೊಮ್ಮೆ ಒಬ್ಬರ ಬದಲು ಇಡೀ ಗುಂಪನ್ನೇ ತರುತ್ತಾರೆ. ಎಐ ಸಂಶೋಧಕ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ಸೇರಿ ಮೂರೇ ಜನರ ಕಂಪನಿ ಮಾಡಿ, ಅದನ್ನು ಹರಾಜಿಗಿಟ್ಟರು. 2013ರಲ್ಲಿ ಗೂಗಲ್ ಅದನ್ನು 4.4 ಕೋಟಿ ಡಾಲರ್‌ಗೆ ಕೊಂಡಿತು. ಮಾರಲು ಅವರ ಬಳಿ ಸರಕೇನೂ ಇರಲಿಲ್ಲ. ಗೂಗಲ್ ದುಡ್ಡು ಕೊಟ್ಟದ್ದು ಆ ಮೂವರಿಗೆ.

ಸಂಶೋಧಕರ ರೆಸ್ಯೂಮೆ ಓದುವುದಕ್ಕೂ ಅಭ್ಯಾಸ ಬೇಕು. ಮೆಷಿನ್ ಲರ್ನಿಂಗ್ ಕ್ಷೇತ್ರದಲ್ಲಿ ಲೇಖನದ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯ ನಡೆಸುವವರದು. ಗಣಿತದಲ್ಲಿ ಹಾಗಲ್ಲ, ಹೆಸರುಗಳು ಅಕ್ಷರದ ಸಾಲಿನಲ್ಲಿ ಬರುತ್ತವೆ. ಇದು ತಿಳಿಯದವರು ಗಣಿತಜ್ಞರ ಪಟ್ಟಿ ನೋಡಿ "ಇವರದು ಯಾವಾಗಲೂ ಮೂರನೇ ಹೆಸರು" ಅಂತ ಬದಿಗಿಡುತ್ತಾರೆ. ಲೇಖನಗಳ ಎಣಿಕೆಗಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಅವರ ವಿದ್ಯಾರ್ಥಿಗಳು, ಕಿರಿಯರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ?

ಜಾಣರೆಲ್ಲ ಮುಖ್ಯಸ್ಥರಾಗುವುದಿಲ್ಲ

ವಿಲಿಯಂ ಶಾಕ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದ ತಂಡದವರು. 1956ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಪ್ರಯೋಗಾಲಯ ತೆರೆದು ದೇಶದ ಅತಿ ಬುದ್ಧಿವಂತ ಹುಡುಗರನ್ನು ತಾವೇ ಆರಿಸಿ ಸೇರಿಸಿಕೊಂಡರು. ಜನರನ್ನು ಗುರುತಿಸುವುದರಲ್ಲಿ ಅವರ ಕಣ್ಣು ಎಷ್ಟು ಚುರುಕು ಅಂದರೆ ಆ ತಂಡದಲ್ಲಿ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಇದ್ದರು. ಆದರೆ ಅವರ ಅನುಮಾನ, ದರ್ಪ ತಡೆಯಲಾರದೆ 1957ರಲ್ಲಿ ಎಂಟು ಜನ ಒಟ್ಟಿಗೆ ಹೊರಟುಹೋದರು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್ ಮತ್ತು ಮೂರ್ 1968ರಲ್ಲಿ ಇಂಟೆಲ್ ಶುರು ಮಾಡಿದರು. ಶಾಕ್ಲಿ ಕಂಪನಿ ಏಳಲೇ ಇಲ್ಲ.

ಹೀಗಾಗಬಾರದು ಅಂತಲೇ ಸಂದರ್ಶನ ಮತ್ತು ರೆಫರೆನ್ಸ್ ಚೆಕ್, ಅಂದರೆ ಹಿಂದೆ ಜೊತೆಗೆ ಕೆಲಸ ಮಾಡಿದವರನ್ನು ವಿಚಾರಿಸುವುದು. ಸಂದರ್ಶನ ಅಂದರೆ ಕಾಫಿ ಕುಡಿಯುತ್ತಾ ಹರಟೆ ಹೊಡೆದು "ಮನುಷ್ಯ ಒಳ್ಳೆಯವನು" ಅನ್ನುವುದಲ್ಲ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಒಳ್ಳೆಯ ಉತ್ತರ ಹೇಗಿರಬೇಕು ಅಂತ ಮೊದಲೇ ಬರೆದಿಟ್ಟಿರುವುದು, ಪ್ರತಿಯೊಬ್ಬರೂ ತಮ್ಮ ಅಂಕ ಬರೆದ ಮೇಲೇ ಚರ್ಚೆ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಮುಂದಿನ ಕೆಲಸವನ್ನು ಊಹಿಸುವುದರಲ್ಲಿ ಇಂಥ ಕ್ರಮಬದ್ಧ ಸಂದರ್ಶನವೇ ಮೊದಲ ಸ್ಥಾನಕ್ಕೆ ಬಂತು. ಬರೀ ಅನುಭವದ ವರ್ಷಗಳು ತೀರಾ ಕೆಳಗೆ ಬಿದ್ದವು. "ಹದಿನೈದು ವರ್ಷ ಅನುಭವ ಕಡ್ಡಾಯ" ಅಂತ ಬರೆಯುವ ಕಂಪನಿಗಳು ಇದನ್ನು ಗಮನಿಸಬೇಕು.

ರೆಫರೆನ್ಸ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಭ್ಯರ್ಥಿ ಕೊಟ್ಟ ಮೂರು ಹೆಸರು ಸಾಲದು, ಅವರೆಲ್ಲ ಒಳ್ಳೆಯದನ್ನೇ ಹೇಳುತ್ತಾರೆ. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದವರನ್ನು, ಪಕ್ಕದ ವಿಭಾಗದಲ್ಲಿ ಗುದ್ದಾಡಿದವರನ್ನು ಮಾತಾಡಿಸಬೇಕು. "ಅವರು ಹೇಗೆ?" ಅಂತ ಕೇಳಿದರೆ "ತುಂಬಾ ಒಳ್ಳೆಯವರು" ಅನ್ನುವ ಉತ್ತರ ಬರುತ್ತದೆ. "ಅವರ ಜೊತೆ ಒಂದು ಪ್ರಾಜೆಕ್ಟ್ ಕೆಟ್ಟಾಗ ಮೊದಲ ಮೀಟಿಂಗ್‌ನಲ್ಲಿ ಅವರು ಏನು ಹೇಳಿದರು?" ಅಂತ ಕೇಳಿದರೆ ಜನ ನೆನಪು ಮಾಡಿಕೊಂಡು ಮಾತಾಡುತ್ತಾರೆ. "ನಾಳೆ ಅವರು ಕರೆದರೆ ಮತ್ತೆ ಅವರ ಕೈಕೆಳಗೆ ಹೋಗುತ್ತೀರಾ?" ಈ ಪ್ರಶ್ನೆಗೆ ತಕ್ಷಣ ಹೂಂ ಬಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಅಭ್ಯರ್ಥಿ ಈಗ ಇರುವ ಕಂಪನಿಗೆ, ಅವರು ರಾಜೀನಾಮೆ ಕೊಡುವ ಮುಂಚೆ, ಅಪ್ಪಿತಪ್ಪಿಯೂ ಫೋನ್ ಮಾಡಬಾರದು. ಹೋಗುವ ಕೆಲಸ ಆಗದೆ, ಇರುವ ಕೆಲಸಕ್ಕೂ ಕುತ್ತು ಬರಬಹುದು.

ಸಂಬಳದ ಚೀಟಿಯಲ್ಲಿ ಕಾಣದ್ದು

"ಎರಡು ಕೋಟಿ ಪ್ಯಾಕೇಜ್" ಅಂತ ಊರಲ್ಲಿ ಸುದ್ದಿಯಾಗುತ್ತದೆ. ಅದರಲ್ಲಿ ತಿಂಗಳು ತಿಂಗಳು ಬ್ಯಾಂಕಿಗೆ ಬರುವುದು ಅರ್ಧವೂ ಇರಲಿಕ್ಕಿಲ್ಲ. ಉಳಿದದ್ದು ಬೋನಸ್ ಮತ್ತು ಷೇರು. ಇಸಾಪ್ ಅಂದರೆ ಮೊದಲೇ ಗೊತ್ತು ಮಾಡಿದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು. ಅದು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ಕೈಗೆ ಬರುತ್ತದೆ. ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಏನೂ ಇಲ್ಲ. ಹಕ್ಕು ಚಲಾಯಿಸಿ ಷೇರು ಪಡೆದ ದಿನ, ಅದರ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸಕ್ಕೆ ಸಂಬಳದ ಹಾಗೆಯೇ ತೆರಿಗೆ ಬೀಳುತ್ತದೆ. ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ ಆ ಷೇರನ್ನು ಮಾರಲಿಕ್ಕೂ ಆಗುವುದಿಲ್ಲ. ಆದರೂ ತೆರಿಗೆ ಕಟ್ಟಬೇಕು. 2020ರ ಬಜೆಟ್‌ನಲ್ಲಿ ಅರ್ಹ ಸ್ಟಾರ್ಟ್‌ಅಪ್‌ಗಳ ನೌಕರರಿಗೆ ಈ ತೆರಿಗೆ ಮುಂದೂಡಲು ಅವಕಾಶ ಬಂತು. ಎಲ್ಲ ಕಂಪನಿಗೂ ಅದಿಲ್ಲ, ಕೆಲಸ ಬಿಟ್ಟರೆ ಮುಂದೂಡಿಕೆಯೂ ಮುಗಿಯುತ್ತದೆ. ಸಹಿ ಹಾಕುವ ಮುಂಚೆ ಇಸಾಪ್ ಕಾಗದವನ್ನು ಒಬ್ಬ ಆಡಿಟರ್‌ಗೆ ತೋರಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಈಗಿನ ಕಂಪನಿಯಲ್ಲಿ ಕೈಗೆ ಬರದ ಷೇರು ಎಷ್ಟು ಬಿಟ್ಟು ಬರುತ್ತೀರಿ ಅನ್ನುವುದನ್ನೂ ಮಾತುಕತೆಯಲ್ಲಿ ಇಡಬೇಕು. ಜಾಯ್ನಿಂಗ್ ಬೋನಸ್ ಇರುವುದು ಹೆಚ್ಚಾಗಿ ಅದನ್ನು ತುಂಬುವುದಕ್ಕೆ.

ಆಫರ್ ಲೆಟರ್ ಕೈಗೆ ಬಂದ ಮೇಲೂ ನಮ್ಮ ದೇಶದಲ್ಲಿ ಹೆಚ್ಚಾಗಿ 90 ದಿನದ ನೋಟಿಸ್ ಪೀರಿಯಡ್ ಇರುತ್ತದೆ. ಅಪಾಯದ ಕಾಲ ಅದೇ. ಹಳೆಯ ಕಂಪನಿ ಕರೆದು ಕೂರಿಸಿ, ಸಂಬಳ ಜಾಸ್ತಿ ಮಾಡುತ್ತೇವೆ ಅನ್ನುತ್ತದೆ. ಹೊರಡುವುದಕ್ಕೆ ಸಂಬಳವೇ ಕಾರಣವಾಗಿದ್ದರೆ ನಿಲ್ಲಬಹುದು, ತಪ್ಪೇನಿಲ್ಲ. ಕಾರಣ ಬೇರೆ ಇದ್ದರೆ ಆ ಕಾರಣ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. "ನಮ್ಮ ಎದುರಾಳಿ ಕಂಪನಿಗೆ ಹೋಗುವ ಹಾಗಿಲ್ಲ" ಅನ್ನುವ ಷರತ್ತು ನೋಡಿ ಹೆದರುವವರಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ದುಡಿಯುವುದನ್ನು ತಡೆಯುವ ಇಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗುಟ್ಟು ಕಾಪಾಡುವ ಷರತ್ತು ಮಾತ್ರ ಗಟ್ಟಿ. ಹಳೆಯ ಕಂಪನಿಯ ಒಂದು ಫೈಲನ್ನೂ ತರಬಾರದು. ಗೂಗಲ್‌ನ ಚಾಲಕರಹಿತ ಕಾರಿನ ತಂಡದಿಂದ ಹೋದ ಎಂಜಿನಿಯರ್ ಒಬ್ಬರು ಸಾವಿರಾರು ಫೈಲ್ ಒಯ್ದ ಆರೋಪದ ಮೇಲೆ ವೇಮೋ (ಆ ತಂಡದಿಂದಲೇ ಆದ ಕಂಪನಿ) ಮತ್ತು ಅವರು ಸೇರಿದ ಊಬರ್ ನಡುವೆ ಮೊಕದ್ದಮೆ ನಡೆದು, 2018ರಲ್ಲಿ ಊಬರ್ ಸುಮಾರು 24.5 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಮುಗಿಸಿಕೊಂಡಿತು. ನಾವು ಸೇರುವವರಿಗೂ ಸೇರಿಸಿಕೊಳ್ಳುವವರಿಗೂ ಇದನ್ನು ಬರವಣಿಗೆಯಲ್ಲೇ ಹೇಳುತ್ತೇವೆ.

ಹಾಸನಕ್ಕೆ ಯಾರು ಬರುತ್ತಾರೆ?

ನಮ್ಮ ಊರಿನ ಕಂಪನಿಗಳ ಯಜಮಾನರು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೆ. ಊರು ಚಿಕ್ಕದು ಅನ್ನುವುದೇ ಅಡ್ಡಿಯಾಗಿದ್ದರೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿ ನಡೆಯುತ್ತಿರಲಿಲ್ಲ. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಲ್ಲಿ ಕೂತು ನಡೆಸುವ ಎಂಜಿನಿಯರ್‌ಗಳು ಬೇರೆ ಬೇರೆ ರಾಜ್ಯಗಳಿಂದ ಬಂದು ನೆಲೆಸಿದ್ದಾರೆ. ಕೆಲಸ ಗಟ್ಟಿಯಾಗಿದ್ದರೆ ಜನ ಬರುತ್ತಾರೆ. 2017ರಲ್ಲಿ ಬೆಂಗಳೂರಿಗೆ ನೇರ ರೈಲು ದಾರಿ ಆದ ಮೇಲೆ ಓಡಾಟವೂ ಹಗುರವಾಗಿದೆ.

ಆದರೆ ನಲವತ್ತೈದರ ವಯಸ್ಸಿನಲ್ಲಿ ಕೆಲಸ ಬದಲಿಸುವುದು ಒಬ್ಬರ ತೀರ್ಮಾನವಲ್ಲ. ಗಂಡನ ಅಥವಾ ಹೆಂಡತಿಯ ಕೆಲಸ ಏನಾಗುತ್ತದೆ? ಮಗಳು ಹತ್ತನೇ ಕ್ಲಾಸಿನಲ್ಲಿದ್ದರೆ ನಡುವರ್ಷ ಎಬ್ಬಿಸಿಕೊಂಡು ಬರಲಾಗುತ್ತದಾ? ಮಲೆನಾಡಿನ ಮೂಲದವರ ವಿಷಯದಲ್ಲಿ ಇನ್ನೊಂದು ಇದೆ. ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಬೆಂಗಳೂರಿನಿಂದ ವಾಪಸ್ ಬರಬೇಕು ಅನ್ನುವ ಆಸೆ ಎಷ್ಟೋ ಜನರಿಗಿದೆ, ಯೋಗ್ಯತೆಗೆ ತಕ್ಕ ಕೆಲಸ ಇಲ್ಲಿ ಇಲ್ಲ ಅಂತ ಸುಮ್ಮನಿದ್ದಾರೆ. ಹಾಗಾಗಿ ಈ ವಿಷಯವನ್ನು ನಾನು ಎರಡನೇ ಮಾತುಕತೆಯಲ್ಲೇ ಎತ್ತುತ್ತೇನೆ. ಕೊನೆಗೆ ಆಫರ್ ಕೊಡುವಾಗ ಗೊತ್ತಾದರೆ ಎಲ್ಲರ ಸಮಯವೂ ಹಾಳು. ಇಡೀ ಮನೆ ಬಂದು ಊರು, ಶಾಲೆ, ಆಸ್ಪತ್ರೆ ನೋಡಿ ಹೋಗಲಿ ಅಂತ ಯಜಮಾನರಿಗೆ ಹೇಳುತ್ತೇನೆ. ವಾರದಲ್ಲಿ ಮೂರು ದಿನ ಹಾಸನ, ಉಳಿದ ದಿನ ಬೆಂಗಳೂರು ಅನ್ನುವ ಏರ್ಪಾಡು ಮೊದಲ ವರ್ಷಕ್ಕೆ ಚೆನ್ನಾಗಿ ಹೊಂದುತ್ತದೆ, ಯಜಮಾನರು ಮನಸ್ಸಿನಿಂದ ಒಪ್ಪಿದ್ದರೆ.

ಸೇರಿದ ಮೇಲಿನ ಮೊದಲ ಮೂರು ತಿಂಗಳಿಗೂ ಒಂದು ಹಾಳೆ ಬರೆದಿಡಬೇಕು. ಯಾರ ಯಾರನ್ನು ಭೇಟಿ ಮಾಡಬೇಕು, ಯಾವ ಲೆಕ್ಕ ನೋಡಬೇಕು, ಎಷ್ಟು ರೂಪಾಯಿವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು, ಯಾರನ್ನು ತಾವೇ ನೇಮಿಸಬಹುದು. ನಮ್ಮ ಉದಾಹರಣೆಯ ಕಂಪನಿಯಲ್ಲಾದರೆ ಅವರು ಸೀಸನ್‌ಗೆ ಮುಂಚೆ, ಅಕ್ಟೋಬರ್ ಒಳಗೆ ಬರಬೇಕು. ಯಂತ್ರ ಎಲ್ಲಿ ಕೆಡುತ್ತದೆ ಅಂತ ಕ್ಯೂರಿಂಗ್ ವರ್ಕ್ಸ್‌ನಲ್ಲೇ ನಿಂತು ನೋಡಬೇಕು. ಆ ದಿನಗಳಲ್ಲಿ ಹಳೆಯ ಹುಡುಗರು ಅವರನ್ನು ದಾಟಿ ನೇರ ಯಜಮಾನರ ಕೋಣೆಗೆ ಹೋಗುತ್ತಾರೆ. ಅದು ಅವರ ಅಭ್ಯಾಸ. ಆಗ ಯಜಮಾನರು "ಅವರನ್ನೇ ಕೇಳಪ್ಪ" ಅಂತ ಹೇಳಿ ವಾಪಸ್ ಕಳಿಸಬೇಕು.